ಬೈಯಲಿಕ್ಕೊಂದು ಹೆಸರು

ಬಡವನ ಸಿಟ್ಟು ದವಡೆಗೆ ಮೂಲ ಎಂದು ಗಾದೆ ಕಟ್ಟಿದವರು ಬುದ್ಧಿವಂತರೇ ಇರಬೇಕು. ಆದರೆ ಅವರು ಟೋಕಿಯೋದಲ್ಲಿ ಕೆಲಸ ಮಾಡಿದವರಲ್ಲ. ಇಲ್ಲಿ ಯಾರ ಸಿಟ್ಟಿಗೂ ದವಡೆಯವರೆಗೆ ಬರುವ ಯೋಗವೇ ಇಲ್ಲ. ರೈಲಿನಲ್ಲಿ ಫೋನಿನ ಮೇಲೆ ಕೂಗಾಡುವಂತಿಲ್ಲ, ಲಿಫ್ಟಿನಲ್ಲಿ ಕೆಮ್ಮಿದರೂ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನಬೇಕು, ಕಾಲು ತುಳಿದವನಿಗೆ ತುಳಿಸಿಕೊಂಡವನೇ ತಲೆ ಬಗ್ಗಿಸಬೇಕು. ಇಂಥ ಊರಿಗೆ ರಮಾಕಾಂತನನ್ನು ಕಳಿಸಿದ್ದೇ ಕಂಪನಿಯವರ ದೊಡ್ಡ ತಪ್ಪು.

ಯಾಕೆಂದರೆ ರಮಾಕಾಂತನ ಮನೆತನ ಸಿಟ್ಟಿಗೆ ಹೆಸರಾದದ್ದು. ಅವನ ಮುತ್ತಾತ ಸಾರಿಗೆ ಉಪ್ಪು ಕಡಿಮೆಯೆಂದು ಎಲೆ ಬಿಟ್ಟೆದ್ದು, ನಡೆದುಕೊಂಡೇ ನಂಜನಗೂಡಿಗೆ ಹೋಗಿ, ಗುರುತಿಲ್ಲದವರ ಮದುವೆಯಲ್ಲಿ ಊಟ ಮಾಡಿ, ಅಲ್ಲಿ ಉಪ್ಪು ಜಾಸ್ತಿಯೆಂದು ಬೈದು ಬಂದವರು. ಅವನ ಅಪ್ಪ ಪದ್ಮನಾಭರಾಯರು ಮೈಸೂರಿನ ಕೋರ್ಟಿನಲ್ಲಿ ಭಾಷಾಂತರಕಾರರಾಗಿದ್ದವರು. ಸಾಕ್ಷಿ ಪಿಸುಗುಟ್ಟಿದ್ದನ್ನೂ ಅವರು ಗದರಿಯೇ ಇಂಗ್ಲಿಷಿಗೆ ಇಳಿಸುತ್ತಿದ್ದರು. ಒಮ್ಮೆ ಜಡ್ಜ್ ಸಾಹೇಬರೇ ಬೆದರಿ ನೀರು ಕುಡಿದರೆಂದು ಅಲ್ಲಿನ ವಕೀಲರು ಇವತ್ತಿಗೂ ಹೇಳುತ್ತಾರೆ.

ಆ ವಂಶದ ಕುಡಿ ರಮಾಕಾಂತ ಬೆಳಗಿನಿಂದ ಸಂಜೆಯವರೆಗೆ ನಗುತ್ತಿರಬೇಕಾಗಿತ್ತು. ಅವನ ಕಂಪನಿ ನಾರ್ವೆ ದೇಶದವರದು. ಹಡಗಿನಲ್ಲಿ ಯಾವ ಸರಕು ಎಲ್ಲಿ ಪೇರಿಸಬೇಕೆಂದು ಹೇಳುವ ಸಾಫ್ಟ್‌ವೇರ್ ಮಾಡುವುದು ಅವರ ಕಸುಬು. ಅಲ್ಲಿ ಅವನ ಬಾಸ್ ಟ್ರಿಗ್ವೆ ಎಂಬಾತ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ದೇವರ ಕೋಣೆಯಲ್ಲಿ ಮಾತಾಡುವವನಂತೆ ಮೆತ್ತಗಿನ ದನಿ. ನಾರ್ವೆಯವರಿಗೆ ಸಾರ್ ಗೀರ್ ಎಂದರೆ ಆಗುವುದಿಲ್ಲ, ಹೆಸರು ಹಿಡಿದೇ ಕರೆಯಬೇಕು. ರಮಾಕಾಂತ ರಾತ್ರಿ ಹಗಲು ಕೂತು ಸ್ಲೈಡುಗಳನ್ನು ಮಾಡಿ ಮುಂದಿಟ್ಟರೆ ಈ ಮಹಾನುಭಾವ ಕೊನೆಯವರೆಗೂ ನೋಡಿ, ತಲೆಯಾಡಿಸಿ, ಎರಡೇ ಮಾತು ಹೇಳುತ್ತಿದ್ದ: "ಗುಡ್. ಒನ್ಸ್ ಮೋರ್."

ಚೆನ್ನಾಗಿದ್ದ ಮೇಲೆ ಇನ್ನೊಂದು ಸಲ ಯಾಕೆ? ಇದು ರಮಾಕಾಂತನ ಎದೆಯಲ್ಲಿ ಕುದಿಯುತ್ತಿದ್ದ ಪ್ರಶ್ನೆ. ಬಾಯಿಂದ ಹೊರಬೀಳುತ್ತಿದ್ದುದು ಮಾತ್ರ "ಶೂರ್ ಟ್ರಿಗ್ವೆ, ನೋ ಪ್ರಾಬ್ಲಮ್." ಹೀಗೆ ಹಲ್ಲು ಕಚ್ಚಿ ಹೇಳಿ ಹೇಳಿ ಅವನ ಹಲ್ಲು ಸವೆದಿದೆಯೆಂದು, ಅವನ ಮನೆಯಿದ್ದ ಫುನಾಬೊರಿ ಬಡಾವಣೆಯ ದಂತವೈದ್ಯರು ರಬ್ಬರಿನ ಕವಚ ಕೊಟ್ಟಿದ್ದರು. ಗಾದೆಯವರು ಅಷ್ಟರಮಟ್ಟಿಗೆ ಗೆದ್ದರು.

ಮನೆಯಲ್ಲಾದರೂ ಬೈದು ಹಗುರಾಗೋಣವೆಂದರೆ ಅಲ್ಲಿಯೂ ಅಡ್ಡಿ. ಅವನ ಮೂರು ವರ್ಷದ ಮಗನಿಗೆ ಪದ್ಧತಿಯಂತೆ ತಾತನ ಹೆಸರಿಟ್ಟಿದ್ದರು: ಪದ್ಮನಾಭ. ಇಡುವಾಗ ಎಲ್ಲರಿಗೂ ಸಂತೋಷವೇ. ಆದರೆ ಮೊದಲ ಸಲ ಆ ಮಗು ಹಾಲಿನ ಲೋಟ ಬೀಸಿ ಒಗೆದಾಗ ಅದರ ತಾಯಿ ಪ್ರಣತಿ ಬಾಯಿ ತೆರೆದಳು, ಮುಚ್ಚಿದಳು. ಮಾವನವರ ಹೆಸರನ್ನು ಬಾಯಲ್ಲಿ ಹೇಳುವುದೇ ತಪ್ಪು. ಅದನ್ನು ಹಿಡಿದು ಬೈಯುವುದುಂಟೇ? ಕತ್ತೆ ಎಂದರೆ ಯಾರು ಕತ್ತೆಯಾಗುತ್ತಾರೆ? ಹೀಗಾಗಿ ಅವಳು ಮಗನಿಗೆ ಬಹುವಚನವೇ ಹಾಕತೊಡಗಿದಳು.

"ರೀ, ನೋಡಿ ಇವರು ಗೋಡೆ ಮೇಲೆಲ್ಲಾ ಗೀಚಿದಾರೆ," ಎನ್ನುವಳು. "ಇವರು ಕುಕ್ಕರಿನ ವಿಷಲ್ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟಿದಾರೆ. ನೀವೇ ಸ್ವಲ್ಪ ಹೇಳಿ."

ರಮಾಕಾಂತ ಒಮ್ಮೆ ಧೈರ್ಯ ಮಾಡಿ "ಲೇ ಪದ್ಮನಾಭ!" ಎಂದ. ಅಂದ ಕೂಡಲೇ ಅವನ ಕೈ ತಾನಾಗಿ ತನ್ನ ಕೆನ್ನೆ ಮುಚ್ಚಿಕೊಂಡಿತು. ಮೈಸೂರು ಅಷ್ಟು ದೂರವಿದ್ದರೂ ಏಟು ಬಿದ್ದ ಹಾಗೇ ಆಯಿತು. ಬೈಗುಳವಿಲ್ಲದೆ ಬೆಳೆದ ಮಗು ಹೇಗಿರಬೇಕೋ ಹಾಗೆಯೇ ಪದ್ಮನಾಭ ಬೆಳೆದ. ಕೆಳಗಿನ ಮನೆಯ ಮುದುಕಿ ಕುರೊಸೆ ಸಾನ್ ವಾರಕ್ಕೊಂದು ಸಲ ಮೇಲೆ ಬಂದು ತನ್ನ ಸೂರಿನ ಶಬ್ದಕ್ಕೆ ತಾನೇ ಕ್ಷಮೆ ಕೇಳಿ ಹೋಗುತ್ತಿದ್ದಳು. ಜಪಾನಿನಲ್ಲಿ ಅದಕ್ಕಿಂತ ದೊಡ್ಡ ಜಗಳವಿಲ್ಲ.

ಹೀಗಿರಲು ಒಂದು ದಿನ ಟ್ರಿಗ್ವೆ ಮತ್ತೆ ಸ್ಲೈಡು ವಾಪಸ್ ಕಳಿಸಿದ. ರಮಾಕಾಂತ ನಗುನಗುತ್ತ ಆಫೀಸಿನಿಂದ ಹೊರಟ, ನಗುನಗುತ್ತ ರೈಲು ಹತ್ತಿದ, ನಗು ಹಾಗೇ ಮುಖದ ಮೇಲೆ ಒಣಗಿದ್ದಾಗ ಮನೆ ಸೇರಿದ. ಬಾಗಿಲ ಬಳಿ ಅವನ ಒಳ್ಳೆಯ ಬೂಟುಗಳಿದ್ದವು. ಎರಡರ ತುಂಬಾ ದೋಸೆ ಹಿಟ್ಟು. ಪಕ್ಕದಲ್ಲಿ ಮಗ ಸೌಟು ಹಿಡಿದು ನಿಂತಿದ್ದ.

"ಟ್ರಿಗ್ವೆ!" ಎಂದು ರಮಾಕಾಂತ ಅರಚಿದ.

ಅದು ದಾರಿಯುದ್ದಕ್ಕೂ ನಾಲಿಗೆಯ ತುದಿಯಲ್ಲೇ ಇದ್ದ ಹೆಸರು. "ಟ್ರಿಗ್ವೆ! ಕತ್ತೆ ಬಡವ! ಬುದ್ಧಿ ಇದೆಯೇನೋ ನಿಂಗೆ? ಎಷ್ಟು ಸಲ ಹೇಳ್ಬೇಕೋ? ನನ್ನ ಹೊಟ್ಟೆ ಉರಿಸಕ್ಕೇ ಹುಟ್ಟಿದೀಯಲ್ಲೋ!"

ಮಗು ಸೌಟು ಕೆಳಗಿಟ್ಟಿತು. ಹುಟ್ಟಿದಾಗಿನಿಂದ ಅದು ಏನನ್ನಾದರೂ ಕೆಳಗಿಟ್ಟದ್ದು ಅದೇ ಮೊದಲು. ಪ್ರಣತಿ ಅಡುಗೆಮನೆಯಿಂದ ಓಡಿಬಂದು ನೋಡಿ, ಬೆರಗಾಗಿ, "ರೀ, ಏನಂದ್ರಿ? ಇನ್ನೊಂದ್ಸಲ ಅನ್ನಿ," ಎಂದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬುದು ಹೀಗೆ ಫುನಾಬೊರಿಯ ಮೂರನೆಯ ಮಹಡಿಯಲ್ಲಿ ಜಾರಿಗೆ ಬಂತು.

ಅಂದಿನಿಂದ ಆ ಮಗುವಿಗೆ ಮುದ್ದು ಮಾಡುವಾಗ ಪುಟ್ಟ, ಬೈಯುವಾಗ ಟ್ರಿಗ್ವೆ. ರಮಾಕಾಂತನ ಹಲ್ಲುನೋವು ಕಡಿಮೆಯಾಯಿತು. ಪ್ರಣತಿ ಮೂರು ವರ್ಷದ ಬಾಕಿಯನ್ನೆಲ್ಲ ತೀರಿಸಿಕೊಂಡಳು. ಬರಬರುತ್ತಾ ಬೈಗುಳಕ್ಕೆ ಆಫೀಸಿನ ವಿಷಯಗಳೂ ಸೇರಿಕೊಂಡವು. "ಟ್ರಿಗ್ವೆ, ನೆಟ್ಟಗೊಂದು ಸ್ಲೈಡ್ ಓದಕ್ ಬರಲ್ಲ, ದೊಡ್ಡ ಬಾಸಂತೆ ಬಾಸು! ಪಾರ್ಸೆಲ್ ಮಾಡಿ ನಾರ್ವೆಗೆ ಕಳಿಸ್ತೀನಿ ನಿನ್ನ!" ಎಂದು ರಮಾಕಾಂತ ಪಲ್ಯ ಚೆಲ್ಲಿದ ಮಗುವಿನ ಮುಂದೆ ಕೂಗುವನು. ಮಗುವಿಗೆ ಸ್ಲೈಡೆಂದರೆ ಪಾರ್ಕಿನ ಜಾರುಬಂಡೆ. ಅದನ್ನು ಓದುವುದು ಹೇಗೆಂದು ಅದು ಪಾಪ ಬಹಳ ಯೋಚಿಸಿತು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಪದ್ಮನಾಭರಾಯರು ಮೈಸೂರಿನಿಂದ ಬಂದಿಳಿದರು.

ವಿಮಾನ ನಿಲ್ದಾಣದಲ್ಲೇ ಅನಾಹುತವಾಯಿತು. ಮಗು ತಾತನ ಸೂಟ್‌ಕೇಸಿನ ಮೇಲೆ ಹತ್ತಿ ಕುಣಿಯತೊಡಗಿದ್ದೇ ತಡ, ರಮಾಕಾಂತ ಅಭ್ಯಾಸಬಲದಿಂದ "ಟ್ರಿಗ್ವೆ, ಇಳಿಯೋ!" ಎಂದುಬಿಟ್ಟ. ರಾಯರು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ.

"ಯಾರನ್ನ ಕರೆದೆ?"

"ಇವನನ್ನೇ ಅಪ್ಪ."

"ಇವನಿಗೆ ನನ್ನ ಹೆಸರಲ್ಲವೇನೋ ಇಟ್ಟಿದ್ದು?"

ರಮಾಕಾಂತ ಇಲ್ಲಿ ನಿಜ ಹೇಳಬಹುದಿತ್ತು. ಆದರೆ ನಿಜ ಹೇಳಿದರೆ ತಾತನ ಹೆಸರಿಟ್ಟುಕೊಂಡವನು ದಿನಾ ಬೈಸಿಕೊಳ್ಳುವಂಥ ಪುಂಡ ಎಂದು ಒಪ್ಪಿಕೊಳ್ಳಬೇಕು. ಬಾಸಿನ ಮುಂದೆ ತಾನು ತುಟಿ ಪಿಟಕ್ಕೆನ್ನುವುದಿಲ್ಲ ಎಂಬುದೂ ಹೊರಬೀಳುತ್ತದೆ. ಅವನು ಎದೆ ಉಬ್ಬಿಸಿ ಹೇಳಿದ: "ಅದು ಇಂಟರ್‌ನ್ಯಾಷನಲ್ ಹೆಸರು ಅಪ್ಪ. ಬಹಳ ದೊಡ್ಡ ದೊಡ್ಡವರು ಇಟ್ಕೊಂಡಿರೋದು."

ಫುನಾಬೊರಿ ತಲುಪುವಷ್ಟರಲ್ಲಿ ಅವನು ಫೋನಿನಲ್ಲಿ ಹುಡುಕಿ ದೊಡ್ಡವರನ್ನು ಒಟ್ಟುಮಾಡಿದ್ದ. ದೇವರು ದೊಡ್ಡವನು, ನಿಜಕ್ಕೂ ಇದ್ದರು. ವಿಶ್ವಸಂಸ್ಥೆಯ ಮೊಟ್ಟಮೊದಲ ಮಹಾಕಾರ್ಯದರ್ಶಿಯ ಹೆಸರು ಟ್ರಿಗ್ವೆ. ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದವರೊಬ್ಬರು ಟ್ರಿಗ್ವೆ. ನಾರ್ವೆಯ ಪ್ರಧಾನಿಯಾಗಿದ್ದವರೊಬ್ಬರು ಟ್ರಿಗ್ವೆ. "ನಂಬಿಕಸ್ಥ ಅಂತ ಅರ್ಥವಂತೆ ಅಪ್ಪ," ಎಂದು ರಮಾಕಾಂತ ಮುಗಿಸಿದ.

"ನಂಬಿಕಸ್ಥ," ಎಂದರು ರಾಯರು. "ಅಪ್ಪನ ಹೆಸರನ್ನ ಬದಿಗೆ ಸರಿಸಿ ಇಟ್ಟ ಹೆಸರು ನಂಬಿಕಸ್ಥ! ಅಲ್ಲಯ್ಯಾ, ಹಾವಿನ ಮೇಲೆ ಮಲಗಿ ಹೊಕ್ಕುಳಲ್ಲಿ ಬ್ರಹ್ಮನನ್ನೇ ಹುಟ್ಟಿಸಿದವನ ಹೆಸರು ನನ್ನದು. ನಿನ್ನ ಮಹಾಕಾರ್ಯದರ್ಶಿ ಹೊಕ್ಕುಳಿಂದ ಏನು ಹುಟ್ಟಿಸಿದಾನೆ? ಒಂದು ಫೈಲಾದ್ರೂ ಹುಟ್ಟಿಸಿದಾನಾ?"

"ಹಾಗಲ್ಲ ಅಪ್ಪ..."

"ವಾಪಸ್ ಹೋಗೋ ಟಿಕೆಟ್ ಮಾಡಿಸು. ಒಂದು ವಾರದೊಳಗೆ ಹೊರಡ್ತೀನಿ. ನನ್ನ ಹೆಸರಿಲ್ಲದ ಮನೇಲಿ ನನಗೇನು ಕೆಲಸ? ಇನ್ನು ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

ಅಂದದ್ದನ್ನು ಮಾಡುವ ಮನುಷ್ಯ ಅವರು. ಮೊಮ್ಮಗನ ಜೊತೆ ಮಾತು ಬಿಟ್ಟರು. ಊಟಕ್ಕೆ ಕೂತಾಗ "ಆ ವಿಶ್ವಸಂಸ್ಥೆಯವರಿಗೆ ತುಪ್ಪ ಬೇಕೇನೋ ಕೇಳಮ್ಮಾ," ಎಂದು ಸೊಸೆಗೆ ಹೇಳುವರು. ಮಗು ಮಾತ್ರ ಅವರ ಹಿಂದೆಯೇ ಸುತ್ತುತ್ತಿತ್ತು. ಅದು ಹತ್ತಿರ ಬಂದು ತೊಡೆ ಏರಿದಾಗ ಅವರು ಮುಖ ತಿರುಗಿಸಿ ಕಿಟಕಿ ನೋಡುವರು. ಆಗ ಅವರ ಕಣ್ಣು ಒದ್ದೆಯಾಗುತ್ತಿದ್ದುದನ್ನು ಪ್ರಣತಿ ನೋಡಿದ್ದಳು. ಸಂಜೆ ವಾಕಿಂಗ್ ಎಂದು ಹೊರಟು ಕೊಂಬಿನಿ ಎಂಬ ಮೂಲೆ ಅಂಗಡಿಗೆ ನುಗ್ಗಿ, ಎರಡು ಪುಟ್ಟ ದೋಸೆಯ ನಡುವೆ ಹೂರಣ ಇಟ್ಟಂಥ ದೊರಯಾಕಿ ಎಂಬ ಸಿಹಿ ತಿಂಡಿ ತಂದು, ಫ್ರಿಡ್ಜಿನ ಮರೆಯಲ್ಲಿ ನಿಂತು ತಿನ್ನುತ್ತಿದ್ದುದನ್ನೂ ನೋಡಿದ್ದಳು. ರಾಯರಿಗೆ ಸಕ್ಕರೆ ಕಾಯಿಲೆ. ಆದರೆ ಮಾವನವರಿಗೆ ಹೇಳುವವರು ಯಾರು? "ಇವರು ತಿಂತಿದಾರೆ, ನೀವೇ ಸ್ವಲ್ಪ ಹೇಳಿ," ಎಂದು ಗಂಡನಿಗೆ ಹೇಳಿದಳು. ಗಂಡ ಕೆನ್ನೆ ಮುಚ್ಚಿಕೊಂಡ.

ಮನೆಯೊಳಗೆ ಉರಿಯುತ್ತಿದ್ದ ರಾಯರು ಮನೆಯ ಹೊರಗೆ ಮಾತ್ರ ಬೇರೆಯೇ ರಾಗ ತೆಗೆದರು. ಮರ್ಯಾದೆ ಮುಖ್ಯ ನೋಡಿ. ಪಾರ್ಕಿನಲ್ಲಿ ಸಿಕ್ಕ ತಾರಾ ಎಂಬ ಬೆಂಗಳೂರಿನ ಹೆಣ್ಣುಮಗಳು "ಏನು ಅಂಕಲ್, ಮೊಮ್ಮಗನಿಗೆ ನಿಮ್ಮ ಹೆಸರೇ ಇಟ್ಟಿರಬೇಕಲ್ಲಾ?" ಎಂದು ಕೇಳಿದಾಗ ಅವರು ಕೋಲು ಊರಿ ನಿಂತು, "ನನ್ನ ಹೆಸರು ಹಳೇದಾಯ್ತಮ್ಮ. ಇವನು ಟ್ರಿಗ್ವೆ. ವಿಶ್ವಸಂಸ್ಥೆ ಹೆಸರು, ನೊಬೆಲ್ ಹೆಸರು," ಎಂದರು. ತಾರಾಳ ಗಂಡ ಅವಿನಾಶ್ ರಮಾಕಾಂತನ ಆಫೀಸಿನವನೇ. ಮರುದಿನ ಬೆಳಿಗ್ಗೆ ಕಾಫಿ ಯಂತ್ರದ ಮುಂದೆ ಅವಿನಾಶ್ ಬಾಸಿಗೆ ವಿಷಯ ಮುಟ್ಟಿಸಿದ. ಒಳ್ಳೆಯ ಮನಸ್ಸಿನಿಂದಲೇ ಮುಟ್ಟಿಸಿದ. ಲೋಕದಲ್ಲಿ ಮನೆ ಮುರಿಯುವುದೆಲ್ಲ ಒಳ್ಳೆಯ ಮನಸ್ಸಿನವರಿಂದಲೇ.

ಟ್ರಿಗ್ವೆ ರಮಾಕಾಂತನ ಮೇಜಿನ ಬಳಿಗೆ ತಾನೇ ಬಂದ. ಅವನ ಕಿವಿ ಕೆಂಪಾಗಿತ್ತು.

"ನಿಜವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಮಗನನ್ನು ನನ್ನ ಹೆಸರಿನಿಂದ ಕರೆಯುತ್ತೀಯಾ?"

"ಅದು... ಮನೇಲಿ... ಪ್ರತಿದಿನ," ಎಂದ ರಮಾಕಾಂತ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ನಮ್ಮಲ್ಲಿ ಒಬ್ಬರ ಹೆಸರನ್ನು ಮಗುವಿಗೆ ಕೊಡುವುದಕ್ಕಿಂತ ದೊಡ್ಡ ಗೌರವ ಇಲ್ಲ. ನನಗೆ ಅಜ್ಜನ ಹೆಸರು. ನನಗೆ ಮಕ್ಕಳಿಲ್ಲ, ಈ ಹೆಸರು ನನ್ನೊಂದಿಗೇ ಮುಗಿಯಿತು ಅಂದುಕೊಂಡಿದ್ದೆ." ಆ ಉದ್ದನೆಯ ಮನುಷ್ಯ ಕನ್ನಡಕ ತೆಗೆದು ಒರೆಸಿದ. "ಭಾನುವಾರ ಬಂದು ಅವನನ್ನು ನೋಡಬಹುದೇ?"

ಬೇಡವೆನ್ನಲು ರಮಾಕಾಂತ ಬಾಯಿ ತೆರೆದ. "ಶೂರ್ ಟ್ರಿಗ್ವೆ, ನೋ ಪ್ರಾಬ್ಲಮ್," ಎಂದಿತು ಬಾಯಿ.

ಭಾನುವಾರ ಮನೆಯಲ್ಲಿ ಜಾತ್ರೆ. ಅವಿನಾಶ್ ಮತ್ತು ತಾರಾ ಕರೆಯದೆಯೇ ಬಂದರು. ಕುರೊಸೆ ಸಾನ್ ಅಕ್ಕಿ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ರಾಯರು ಜರಿ ಶಲ್ಯ ಹೊದ್ದು ಕುರ್ಚಿಯಲ್ಲಿ ಕೂತರು. ಅವರ ಪಕ್ಕದಲ್ಲಿ ಕಟ್ಟಿದ ಸೂಟ್‌ಕೇಸ್ ಇತ್ತು. ಬುಧವಾರಕ್ಕೆ ಟಿಕೆಟ್ ಆಗಿಹೋಗಿತ್ತು. ತಮ್ಮ ಹೆಸರನ್ನು ಕಿತ್ತುಕೊಂಡವನ ಮುಖವನ್ನು ಒಮ್ಮೆ ನೋಡಿಯೇ ಹೊರಡುವುದೆಂದು ಅವರು ತೀರ್ಮಾನಿಸಿದ್ದರು.

ಟ್ರಿಗ್ವೆ ಬಾಗಿಲಲ್ಲಿ ಬಗ್ಗಿ ಒಳಬಂದ. ಕೈಯಲ್ಲಿ, ಮೊಮ್ಮಗುವಿನ ಆಸೆಯಿಂದ ಅವನ ತಾಯಿ ಎಂದೋ ನಾರ್ವೆಯಲ್ಲಿ ಹೆಣೆದು ಕಳಿಸಿದ್ದ ಉಣ್ಣೆಯ ಪುಟ್ಟ ಸ್ವೆಟರು. ಬಂದವನೇ ಮಗುವಿನ ಮುಂದೆ ಮಂಡಿಯೂರಿ ಕೂತು, ಎರಡು ಕೈ ಚಾಚಿ, ತನ್ನ ಅತ್ಯಂತ ಮೃದುವಾದ ದನಿಯಲ್ಲಿ ಕರೆದ: "ಟ್ರಿಗ್ವೆ!"

ಮಗು ಗೋಡೆಗೆ ಅಂಟಿ ನಿಂತು ಎರಡೂ ಕಿವಿ ಮುಚ್ಚಿಕೊಂಡಿತು. "ನಾನ್ ಮಾಡಿಲ್ಲ!"

"ಏನೆಂದ?" ಎಂದು ಟ್ರಿಗ್ವೆ ಕೇಳಿದ.

ರಮಾಕಾಂತ ಬಾಯಿ ತೆರೆಯುವಷ್ಟರಲ್ಲಿ ರಾಯರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಎಷ್ಟೋ ವರ್ಷದ ಮೇಲೆ ಅವರಿಗೆ ಕೆಲಸ ಸಿಕ್ಕಿತ್ತು. "ತಾನು ಆ ಕೃತ್ಯ ಎಸಗಿಲ್ಲ ಎಂದು ಹೇಳುತ್ತಿದ್ದಾನೆ," ಎಂದು ಇಂಗ್ಲಿಷಿನಲ್ಲಿ ಗದರಿದರು.

"ಯಾವ ಕೃತ್ಯ? ಮಗೂ, ನಿನಗೆ ನಿನ್ನ ಹೆಸರು ಇಷ್ಟವಿಲ್ಲವೇ? ಟ್ರಿಗ್ವೆ ಅಂದರೆ ಯಾರು, ಗೊತ್ತೇ?"

ರಾಯರು ಅದನ್ನು ಕನ್ನಡಕ್ಕಿಳಿಸಿದರು. ಟ್ರಿಗ್ವೆ ಅಂದರೆ ಯಾರೆಂದು ಮಗುವಿಗೆ ಗೊತ್ತಿತ್ತು. ಅದಕ್ಕೆ ಆ ಪಾಠ ಬಾಯಿಪಾಠವಾಗಿತ್ತು. ಅದು ಸೊಂಟದ ಮೇಲೆ ಕೈಯಿಟ್ಟು, ಬೆರಳೆತ್ತಿ, ಅಪ್ಪನದೇ ದನಿ ತೆಗೆಯಿತು.

"ಟ್ರಿಗ್ವೆ! ಕತ್ತೆ ಬಡವ! ಬುದ್ಧಿ ಇದೆಯೇನೋ ನಿಂಗೆ?"

"ಟ್ರಿಗ್ವೆ, ನೀನು ಕತ್ತೆ. ನಿನಗೆ ಬುದ್ಧಿ ಇದೆಯೇ ಎಂಬುದು ಪ್ರಶ್ನೆ," ಎಂದರು ರಾಯರು. ಕೂಡಿಸದೆ ಕಳೆಯದೆ ಅನುವಾದಿಸುತ್ತೇನೆಂದು ಪ್ರಮಾಣ ಮಾಡಿದವರು ಅವರು.

"ಅಪ್ಪಾ, ಸಾಕು!" ಎಂದ ರಮಾಕಾಂತ.

"ಸಾಕ್ಷಿಯನ್ನ ತಡೀಬೇಡಯ್ಯಾ!"

"ನೆಟ್ಟಗೊಂದು ಸ್ಲೈಡ್ ಓದಕ್ ಬರಲ್ಲ, ದೊಡ್ಡ ಬಾಸಂತೆ ಬಾಸು! ಪಾರ್ಸೆಲ್ ಮಾಡಿ ನಾರ್ವೆಗೆ ಕಳಿಸ್ತೀನಿ ನಿನ್ನ!"

ರಾಯರು ಅದನ್ನೂ ಅಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದರು. ಅವಿನಾಶ್ ಬಿಸ್ಕತ್ತಿನ ಡಬ್ಬಿಯ ಮೇಲಿನ ಜಪಾನಿ ಅಕ್ಷರಗಳನ್ನು ಓದತೊಡಗಿದ, ಅವನಿಗೆ ಜಪಾನಿ ಓದಲು ಬರುವುದಿಲ್ಲ. ಕುರೊಸೆ ಸಾನ್‌ಗೆ ಮಾತ್ರ ಈ ಹಾಡು ಚೆನ್ನಾಗಿ ಪರಿಚಯವಿತ್ತು. ದಿನಾ ಸಂಜೆ ಸೂರಿನ ಮೇಲಿನಿಂದ ಕೇಳಿಸುತ್ತದಲ್ಲ. ಅದನ್ನು ಭಾರತದ ಸಂಧ್ಯಾ ಪ್ರಾರ್ಥನೆಯೆಂದು ತಿಳಿದಿದ್ದ ಆಕೆ ಕೈಮುಗಿದು ತಲೆ ಬಗ್ಗಿಸಿದಳು.

ಟ್ರಿಗ್ವೆ ಮೆಲ್ಲಗೆ ಎದ್ದ. ಕಿವಿಯ ಕೆಂಪು ಬೋಳು ತಲೆಗೆ ಏರಿತ್ತು. ಈ ಮನುಷ್ಯನಿಗೂ ಗಂಟಲಿದೆಯೆಂದು ಟೋಕಿಯೋಗೆ ಗೊತ್ತಾದದ್ದು ಆಗಲೇ.

"ಆಫೀಸಿನಲ್ಲಿ ಒಂದು ದಿನ, ಒಂದೇ ಒಂದು ದಿನ ನೀನು ನನಗೆ ಆಗುವುದಿಲ್ಲ ಅಂದಿದ್ದೀಯಾ?" ಎಂದು ಕೂಗಿದ. "ಏನು ಹೇಳಿದರೂ ನಗುತ್ತೀಯ! ನಗುತ್ತಿದ್ದೀಯಲ್ಲಾ, ಇನ್ನೂ ಚೆನ್ನಾಗಿ ಮಾಡುವ ಆಸೆ ಇದೆ ಅಂತ ನಾನು ವಾಪಸ್ ಕಳಿಸಿದೆ! ಬೈಯಬೇಕಿದ್ದರೆ ನನಗೆ ಬೈ! ಮೂರು ವರ್ಷದ ಮಗುವಿಗೆ ಬೈಯುತ್ತೀಯಾ, ಹೇಡಿ?"

ಹೇಡಿ ಎಂಬ ಮಾತು ಆ ಮನೆತನದಲ್ಲಿ ಯಾರಿಗೂ ಯಾರೂ ಅಂದಿರಲಿಲ್ಲ. ರಮಾಕಾಂತನ ದವಡೆಯ ಕೀಲು ಕಳಚಿತು. ಇಂಗ್ಲಿಷ್ ಅವನನ್ನು ಬಿಟ್ಟು ಓಡಿಹೋಯಿತು.

"ಮಗು ನಿದ್ದೆ ಹೋದ್ಮೇಲೆ ಕೂತು ಮಾಡಿದ ಕೆಲಸ ಕಣಯ್ಯಾ ಅದು! ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನು, ಹಾಳಾಗಿದ್ರೆ ಹಾಳಾಗಿದೆ ಅನ್ನು! ಇದ್ಯಾವ ಸೀಮೆ ಗುಡ್ಡು, ಇದ್ಯಾವ ಸೀಮೆ ಒನ್ಸ್ ಮೋರು? ನಾಟಕ ಮಾಡ್ತಿದೀನಾ ನಾನು, ಟ್ರಿಗ್ವೆ?"

ರಾಯರು ಇತ್ತ ಕೇಳಿ ಅತ್ತ ಗದರಿದರು, ಅತ್ತ ಕೇಳಿ ಇತ್ತ ಗದರಿದರು. ಬೆವರು ಒರೆಸಿಕೊಳ್ಳಲೂ ಬಿಡುವಿರಲಿಲ್ಲ. ಟ್ರಿಗ್ವೆ ಸಿಟ್ಟಿನ ಭರದಲ್ಲಿ ನಾರ್ವೆ ಭಾಷೆಗೇ ಇಳಿದಾಗ ಮಾತ್ರ ಅವರು ಕೈಯೆತ್ತಿ, "ಇದು ನನ್ನ ವ್ಯಾಪ್ತಿಗೆ ಬರಲ್ಲ. ಆದರೆ ಬೈಗುಳವೇ, ಅದರಲ್ಲಿ ಸಂಶಯವಿಲ್ಲ," ಎಂದು ದಾಖಲೆಗೆ ಸೇರಿಸಿದರು.

ಅಷ್ಟು ಹೊತ್ತು ಗೋಡೆಗಂಟಿ ನಿಂತಿದ್ದ ಮಗು ಕಿವಿಯಿಂದ ಕೈ ತೆಗೆಯಿತು. ಅಪ್ಪ ಬೈಯುತ್ತಿದ್ದ, ಆದರೆ ತನಗಲ್ಲ. ಎದುರಿಗಿದ್ದ ಉದ್ದನೆಯ ಮನುಷ್ಯನಿಗೆ "ಟ್ರಿಗ್ವೆ, ಟ್ರಿಗ್ವೆ" ಎಂದು ಬೈಯುತ್ತಿದ್ದ. ಮಗುವಿನ ಮುಖ ಅರಳಿತು.

"ಅವನು! ಟ್ರಿಗ್ವೆ ಅವನು! ನಾನಲ್ಲ!" ಎಂದು ಕುಣಿಯುತ್ತ, ಬಾಸಿನ ಮೊಣಕಾಲನ್ನು ಬೆರಳಿನಿಂದ ಚುಚ್ಚುತ್ತ, ಚಪ್ಪಾಳೆ ತಟ್ಟುತ್ತ ನಕ್ಕಿತು. ಯಾರದೋ ತಪ್ಪಿಗೆ ಜೈಲಿನಲ್ಲಿದ್ದವನು ಬಿಡುಗಡೆಯಾದ ಹಾಗೆ ನಕ್ಕಿತು.

ಜಗಳ ನಿಂತಿತು. ಇಬ್ಬರಿಗೂ ತಲೆ ಎತ್ತಲಾಗಲಿಲ್ಲ. ರಮಾಕಾಂತನಿಗೆ ತನ್ನ ಮೇಲೆಯೇ ಎಲ್ಲಿಲ್ಲದ ಸಿಟ್ಟು ಬಂತು. ಅದನ್ನು ಹೊರಿಸಲು ಸುತ್ತಮುತ್ತ ಯಾವ ಕೊತ್ತಿಯೂ ಉಳಿದಿರಲಿಲ್ಲ.

"ಹಾಗಾದ್ರೆ ನೀನ್ಯಾರೋ?" ಎಂದು ರಾಯರು ಕೇಳಿದರು. ಬಂದಾಗಿನಿಂದ ಮೊಮ್ಮಗನೊಂದಿಗೆ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಮಗು ಯೋಚಿಸಿತು. ಅದಕ್ಕೆ ಗೊತ್ತಿರಲಿಲ್ಲ. "ಪುಟ್ಟ?" ಎಂದಿತು.

ರಾಯರು ಕುರ್ಚಿಯಲ್ಲಿ ಕುಸಿದು ಕೂತರು. ಅವರ ಮುಖ ನೋಡಿ ಪ್ರಣತಿಗೆ ತಡೆಯಲಾಗಲಿಲ್ಲ. "ಮಾವ, ಹೆಸರು ನಿಮ್ಮದೇ. ಇಟ್ಟಿದ್ದು ನಿಮ್ಮದೇ. ಆದರೆ ಈ ಪೋಕರಿಗೆ ನಿಮ್ಮ ಹೆಸರು ಹಿಡಿದು ಹೇಗೆ ಬೈಲಿ ಹೇಳಿ? ಬಾಯಿ ಬಂದೀತಾ ನಂಗೆ? ಅದಕ್ಕೇ ಬೈಯಕ್ಕೊಂದು ಹೆಸರು ಬೇಕಾಯ್ತು," ಎಂದು ಅತ್ತುಬಿಟ್ಟಳು.

ರಾಯರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಗದರಿದರು: "ಆ ಹೆಸರು ಹಿಡಿದು ನಮ್ಮಪ್ಪ ಬೈದಷ್ಟು ಮೈಸೂರಲ್ಲಿ ಯಾರೂ ಯಾರಿಗೂ ಬೈದಿಲ್ಲ ಕಣಮ್ಮಾ! ಬೈಸಿಕೊಂಡೇ ಅದು ನನಗೆ ಅಂಟಿದ್ದು. ಇಟ್ಟು ಪೂಜೆ ಮಾಡಕ್ಕೆ ಹೆಸರು ಅಂದ್ರೆ ಸಾಲಿಗ್ರಾಮವಾ? ಇನ್ಮೇಲೆ ಈ ಮನೇಲಿ ನನ್ನ ಹೆಸರು ಹಿಡಿದೇ ಬೈಬೇಕು. ಇದು ಆರ್ಡರು."

ಟ್ರಿಗ್ವೆ ಸ್ವೆಟರನ್ನು ಮಗುವಿಗೆ ತೊಡಿಸಿ, ಕಾಫಿ ಕುಡಿದು, ಯಾರ ಮುಖವನ್ನೂ ನೋಡದೆ ಹೊರಟ. ಸೋಮವಾರ ಸ್ಲೈಡು ತೆರೆದು ಅವನು "ಗುಡ್," ಎಂದು ಬಾಯಿ ತೆಗೆದದ್ದಕ್ಕೆ ರಮಾಕಾಂತ "ನೋ ಟ್ರಿಗ್ವೆ, ಆಗಲ್ಲ!" ಎಂದು ಮೇಜು ಗುದ್ದಿದ. ಇಬ್ಬರೂ ಊಟದ ಹೊತ್ತಿನವರೆಗೆ ಕಿತ್ತಾಡಿದರು. ಜಪಾನಿ ಸಹೋದ್ಯೋಗಿಗಳು ಭೂಕಂಪದ ಅಭ್ಯಾಸವೆಂದು ಬಗೆದು ಮೇಜಿನ ಕೆಳಗೆ ನುಸುಳಿ ಕೂತರು. ಸ್ಲೈಡು ಕೊನೆಗೂ ವಾಪಸ್ಸೇ ಬಂತು, ಅದು ಬೇರೆ ಮಾತು. ಆದರೆ ಅಂದು ರೈಲಿನಲ್ಲಿ ರಮಾಕಾಂತ ನಗದೆ, ಗಂಟುಮುಖ ಹಾಕಿಕೊಂಡು, ಪರಮ ಸುಖದಿಂದ ಮನೆಗೆ ಬಂದ.

ಬಾಗಿಲು ತೆರೆದರೆ ಅಡುಗೆಮನೆಯಲ್ಲಿ ಪ್ರಣತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಮಗ ಸ್ವೆಟರು ತೊಟ್ಟು ಮೇಜಿನ ಮೇಲೇರಿ ದೋಸೆ ಹಿಟ್ಟಿನ ಪಾತ್ರೆಯೊಳಗೆ ಸೌಟು ಅದ್ದಿದ್ದ. ಫ್ರಿಡ್ಜಿನ ಮರೆಯಲ್ಲಿ ರಾಯರು ಸದ್ದಿಲ್ಲದೆ ದೊರಯಾಕಿಯ ಕಾಗದ ಬಿಚ್ಚುತ್ತಿದ್ದರು. ಪ್ರಣತಿ ಕಣ್ಣು ಮುಚ್ಚಿದಳು, ಉಸಿರೆಳೆದುಕೊಂಡಳು, ಮದುವೆಯಾದಾಗಿನಿಂದ ಗಂಟಲಲ್ಲಿ ಕಟ್ಟಿಟ್ಟಿದ್ದನ್ನೆಲ್ಲ ಬಿಚ್ಚಿದಳು.

"ಪದ್ಮನಾಭಾ! ಕತ್ತೆ ಬಡವ! ಇಡು ಅದನ್ನ ಕೆಳಗೆ!"

ಸೌಟು ಕೆಳಗೆ ಬಂತು. ದೊರಯಾಕಿಯೂ ಕೆಳಗೆ ಬಂತು. ಇಬ್ಬರು ಪದ್ಮನಾಭರೂ ಪಕ್ಕಪಕ್ಕದಲ್ಲಿ ಗೋಡೆಗೆ ಅಂಟಿ ನಿಂತು, ಒಂದೇ ದನಿಯಲ್ಲಿ "ನಾನ್ ಮಾಡಿಲ್ಲ!" ಎಂದರು. ಬುಧವಾರದ ಟಿಕೆಟ್ ಅಂದೇ ರದ್ದಾಯಿತು. ಆ ಬೈಗುಳ ಯಾರಿಗೆ ಬೈದದ್ದೆಂದು ಪ್ರಣತಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.